ಅಡಿಗೆಮನೆಯ ನಡುಗೋಡೆ

“ಪಡಸಾಲಿ ಎಲ್ಲಿ ಹೋತ್ರಿ?”

ಚಿಗಟೇರಿಯಲ್ಲಿ ತಂಗಿಯ ಮಗಳ ಮದುವೆ ಮುಗಿಸಿಕೊಂಡು ಬಂದ ಹೊನ್ನೂರಮ್ಮ ಕೈಚೀಲ ಇಳಿಸದೆಯೇ ಕೇಳಿದಳು. ಅವಳು ಹೋಗುವಾಗ ಹೊಸ ಮನೆಯ ಬುನಾದಿಯಷ್ಟೇ ಆಗಿತ್ತು. ಈಗ ಗೋಡೆಗಳು ಅವಳ ತಲೆ ದಾಟಿ ನಿಂತಿದ್ದವು. ಆದರೆ ನಡುಗೋಡೆ ಬಾಗಿಲ ಕಡೆಗೆ ಸರಿದುಬಂದು, ಪಡಸಾಲೆಯಲ್ಲಿ ಎರಡು ಮಂಚ ಹಾಕಿದರೆ ಓಡಾಡಲು ಜಾಗವಿರಲಿಲ್ಲ.

ಅವಳ ಗಂಡ ಹುಲುಗಣ್ಣ ಏಣಿಯಿಂದ ಇಳಿದು ಕೈಯ ಸಿಮೆಂಟು ಒರೆಸಿಕೊಂಡ. “ಅಡಿಗಿ ಮನಿ ಸ್ವಲ್ಪ ದೊಡ್ಡದು ಮಾಡೀನಿ. ಕಿಡಕೀನೂ ಇಟ್ಟೀನಿ ನೋಡು, ಹೊಳಿ ಕಡಿಗೆ.”

“ಯಾರನ್ನ ಕೇಳಿ ಮಾಡೀರಿ?”

ಹುಲುಗಣ್ಣ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

ಹುಲುಗಣ್ಣ ಹಂಪಸಾಗರದಲ್ಲಿ ಹೆಸರಿದ್ದ ಗೌಂಡಿ. ಸುತ್ತ ಹತ್ತೂರಲ್ಲಿ ಮನೆ ಕಟ್ಟಿದವನು ತಾನು ಮಾತ್ರ ತಗಡಿನ ಬಾಡಿಗೆ ಮನೆಯಲ್ಲಿದ್ದ. ಸ್ವಂತ ಮನೆಯ ಮಾತು ಬಂದದ್ದು ಹೆಂಡತಿಯ ರೊಟ್ಟಿಯಿಂದ. ಹೊನ್ನೂರಮ್ಮ ಬಡಿದು ಕಳಿಸುತ್ತಿದ್ದ ಜೋಳದ ರೊಟ್ಟಿ ಹೊಸಪೇಟೆಯ ಖಾನಾವಳಿಗಳವರೆಗೂ ಹೋಗುತ್ತಿತ್ತು. ಊರಿನ ಮಹಿಳಾ ಸಂಘದಲ್ಲಿ, ಬ್ಯಾಂಕಿನಲ್ಲಿ ಅವಳ ವ್ಯವಹಾರ ಚೊಕ್ಕವಾಗಿತ್ತು. ಹಳ್ಳಿಯವರು ಮನೆ ಕಟ್ಟಿಕೊಂಡರೆ ಬಡ್ಡಿಯ ಒಂದು ಪಾಲನ್ನು ಸರ್ಕಾರವೇ ಹೊರುವ ಸಾಲ ಬಂದಾಗ ಅದು ಅವಳ ಹೆಸರಿಗೇ ಮಂಜೂರಾಯಿತು. ಅವತ್ತಿನಿಂದ ಅವಳು ಪಡಸಾಲೆಯ ಕನಸು ಕಾಣುತ್ತಿದ್ದಳು. ಸಂಘದ ಹೆಂಗಸರೆಲ್ಲ ಒಂದು ಸಲ ತನ್ನ ಮನೆಯಲ್ಲಿ ಚಾಪೆ ಹಾಸಿ ಕೂರಬೇಕು ಅನ್ನುವುದು ಅವಳ ಆಸೆ. ಈಗಾಗಲೇ ಎಲ್ಲರನ್ನೂ ಕರೆದೂ ಬಿಟ್ಟಿದ್ದಳು.

“ಸಾಲ ನನ್ನ ಹೆಸರ್ಲೆ, ಜಾಗ ನನ್ನ ಹೆಸರ್ಲೆ, ಗ್ವಾಡಿ ಮಾತ್ರ ನಿಮ್ಮ ಮನಸಿಗೆ ಬಂದಂಗ!” ಎಂದವಳೇ ಚೀಲ ಹೆಗಲಿಗೇರಿಸಿ ಬಾಡಿಗೆ ಮನೆಗೆ ಹೋದಳು.

ಆಮೇಲೆ ಅವನೊಂದಿಗೆ ಮಾತು ಬಿಟ್ಟಳು. ರೊಟ್ಟಿ ತಟ್ಟೆಗೆ ಬೀಳುತ್ತಿತ್ತು, ಮಾತು ಮಾತ್ರ ಬೀಳುತ್ತಿರಲಿಲ್ಲ. ಕೊನೆಗೆ ಹುಲುಗಣ್ಣನೇ ಒಲೆಯ ಹೊಗೆಯಾಚೆ ಕೂತು, ಅವಳ ಕಡೆ ನೋಡದೆ ಹೇಳಿದ: “ನಾನು ಕಟ್ಟಿದ ಮನಿ ಎಲ್ಲಾದರಾಗೂ ಪಡಸಾಲಿ ದೊಡ್ಡದು. ಹೆಂಗಸರು ಹಿಂದ ಕತ್ತಲದಾಗ ಮಣಕಾಲು ಮಡಚಿಕೊಂಡು ಬೇಯ್ತಿರ್ತಾರ. ನೀನೂ ಹಂಗ ಕುಂದ್ರಬಾರ್ದು ಅನ್ನಿಸ್ತು. ಕೇಳಬೇಕಿತ್ತು, ಖರೆ.”

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆಗೆ ಅವಳ ಕಣ್ಣು ಯಾವಾಗಲೂ ಕೆಂಪಗೇ ಇರುತ್ತಿತ್ತು.

ಮರುದಿನ ಅವನು ಸಿಮೆಂಟಿಗೆಂದು ಹೋದಾಗ ಒಬ್ಬಳೇ ಹೊಸ ಮನೆಗೆ ಹೋದಳು. ಒಲೆ ಬರುವ ಜಾಗದಲ್ಲಿ ಕೂತು ಕಾಲು ಚಾಚಿದಳು. ಎಲ್ಲೂ ತಾಗಲಿಲ್ಲ. ಕಿಟಕಿಯಿಂದ ಗಾಳಿ ಬಂದು ಕೂದಲು ಕೆದರಿತು. ಸಿಟ್ಟು ಹೋಗಿರಲಿಲ್ಲ. ಆದರೂ ಬಹಳ ಹೊತ್ತು ಅಲ್ಲೇ ಕೂತಿದ್ದಳು.

ಅದೇ ವಾರ ಹಗರಿಬೊಮ್ಮನಹಳ್ಳಿಯಿಂದ ಬ್ಯಾಂಕಿನ ರಮಾ ಸ್ಕೂಟಿಯಲ್ಲಿ ಬಂದಳು. ಅವಳು ಕೆಲಸ ನೋಡಿ ಬರೆದುಕೊಟ್ಟರೇ ಮುಂದಿನ ಕಂತು. ಛಾವಣಿ ಹಾಕುವುದು ಆ ಕಂತಿನ ಮೇಲೇ ನಿಂತಿತ್ತು. ನಕಾಶೆ ಹಿಡಿದು ಒಂದು ಸುತ್ತು ಹಾಕಿದವಳು ನಡುಗೋಡೆಯ ಹತ್ತಿರ ನಿಂತಳು.

“ಇದು ನಕಾಶೆ ಪ್ರಕಾರ ಇಲ್ಲಲ್ರಿ. ಗೌಂಡಿ ತಾನಾಗೇ ಬದಲು ಮಾಡಿದ್ರೆ ಕೆಡವಿ ಮೊದಲಿನಂಗೆ ಕಟ್ಟಬೇಕಾಗುತ್ತೆ, ಅಲ್ಲೀತನಕ ಕಂತು ನಿಲ್ಲುತ್ತೆ. ಮನೆ ಯಜಮಾನ್ತಿ ಬೇಕಂತ ಮಾಡಿಸಿದ್ರೆ ನಕಾಶೆ ತಿದ್ದಿಸಬಹುದು. ಯಾರು ಹೇಳಿದ್ದು?”

ಹುಲುಗಣ್ಣನ ಮುಖ ಇಳಿಯಿತು. “ತಪ್ಪು ನಂದರಿ ಮೇಡಂ, ನಾನು...”

“ನಾನೇ ಹೇಳಿದ್ದೆ,” ಎಂದಳು ಹೊನ್ನೂರಮ್ಮ. “ರೊಟ್ಟಿ ಬಡಿಯಾಕಿ ನಾನ್ರಿ. ಜಾಗ ನನಗ ಬೇಕಿತ್ತು.”

ರಮಾ ಇಬ್ಬರ ಮುಖವನ್ನೂ ನೋಡಿದಳು. ಹುಲುಗಣ್ಣ ನೆಲ ನೋಡುತ್ತಿದ್ದ. “ಹಂಗಾದ್ರೆ ಸೋಮವಾರ ಬಂದು ತಿದ್ದಿಸಿಕೊಂಡು ಹೋಗ್ರಿ,” ಎಂದು ನಕ್ಕು, ಗೋಡೆಯ ಫೋಟೊ ತೆಗೆದುಕೊಂಡಳು.

ಸ್ಕೂಟಿಯ ಸದ್ದು ದೂರವಾಯಿತು.

“ಸಂಘದವರು ಬಂದ್ರ ಎಲ್ಲಿ ಕುಂದ್ರತಾರ?” ಎಂದ ಹುಲುಗಣ್ಣ ಮೆಲ್ಲಗೆ.

“ಅಡಿಗಿ ಮನ್ಯಾಗ ಕುಂದ್ರಸ್ತೀನಿ. ಅಷ್ಟು ದೊಡ್ಡದು ಕಟ್ಟೀರಲ್ಲ!” ಅವಳಿಗೆ ನಗು ಬಂತು, ತಡೆದುಕೊಂಡಳು. “ಇನ್ನ ಮುಂದ ಒಂದು ಇಟ್ಟಂಗಿ ಇಡಬೇಕಾದ್ರೂ ನನ್ನ ಕೇಳಬೇಕು.”

“ಆತು.” ಅವನು ಬುಟ್ಟಿಯಲ್ಲಿ ಕಲಸಿಟ್ಟ ಸಿಮೆಂಟು ಮಾಲಿನ ಪಕ್ಕ ಕರಣಿ ಹಿಡಿದು ನಿಂತ. “ಹಿಟ್ಟಿನ ಡಬ್ಬಿ ಇಡಾಕ ಗೂಡು ಎಲ್ಲಿ ಕಟ್ಲಿ?”

ಅವಳು ಗೋಡೆಯ ಮೇಲೆ ಅಂಗೈ ಇಟ್ಟು ಈ ತುದಿಯಿಂದ ಆ ತುದಿಗೆ ನಡೆದಳು, ಕೂತು ಕೈ ಚಾಚಿ ನೋಡಿದಳು, ಎದ್ದು ಮತ್ತೆ ಕಿಟಕಿಯ ಕಡೆಗೆ ಹೋದಳು. ಬುಟ್ಟಿಯಲ್ಲಿ ಮಾಲು ಗಟ್ಟಿಯಾಗುತ್ತಿತ್ತು. ಹುಲುಗಣ್ಣ ಅವಸರ ಮಾಡಲಿಲ್ಲ.