ಮಗುವನ್ನು ಕೈಗೊಪ್ಪಿಸುವ ಮುನ್ನ

ಮುಂದುವರಿಸಿಕೊಂಡಿದ್ದ ಹೆರಿಗೆ ರಜೆ ಮುಗಿಯಲು ಇನ್ನು ಹದಿನೆಂಟು ದಿನ ಉಳಿದಿತ್ತು. ಮಗಳಿಗೆ ಎಂಟು ತಿಂಗಳು. ಅಂಬೆಗಾಲಿಡುತ್ತಾ ದಾರಿಗೆ ಅಡ್ಡ ಬಂದದ್ದನ್ನೆಲ್ಲ ಬೀಳಿಸಿಕೊಂಡು ಹೋಗುತ್ತಿದ್ದ ಆ ಕೂಸಿಗೆ ಅಪ್ಪ ಇಟ್ಟ ಅಡ್ಡಹೆಸರು ಬುಲ್ಡೋಜರ್. ಈ ಬುಲ್ಡೋಜರ್ ಹಿಂದೆ ದಿನವಿಡೀ ಓಡುವವರು ಯಾರು ಎಂಬುದೇ ಈಗ ಮನೆಯ ದೊಡ್ಡ ಚಿಂತೆಯಾಗಿತ್ತು.

ತಾಯಿ ನಗರದ ಬಸ್ಸು ಓಡಿಸುವವಳು. ಬೀದಿಯವರೆಲ್ಲ ಅವಳನ್ನು ಡ್ರೈವರಮ್ಮ ಎಂದೇ ಕರೆಯುತ್ತಿದ್ದರು. ತಂದೆ ಲಿಫ್ಟ್ ಮೆಕ್ಯಾನಿಕ್. ಅವಳು ಸ್ಟೀರಿಂಗ್ ಹಿಡಿದರೆ ಫೋನ್ ಮುಟ್ಟುವ ಹಾಗಿಲ್ಲ. ಅವನು ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದರೆ ಸಿಗ್ನಲ್ಲೇ ಸಿಗುವುದಿಲ್ಲ. ಅತ್ತೆಗೆ ಮಂಡಿನೋವು, ತವರಿನವರು ದೂರ. ಮಗುವಿಗೆ ಏನಾದರೂ ಆದರೆ, ಒಂದೊಂದು ಹೊತ್ತಿನಲ್ಲಿ ಗಂಟೆಗಟ್ಟಲೆ ಇಬ್ಬರಿಗೂ ಸುದ್ದಿ ಮುಟ್ಟದು. ಆ ಹೊತ್ತಿನಲ್ಲಿ ಮನೆಯಲ್ಲಿ ಇರುವವರೇ ಯೋಚಿಸಬೇಕು, ಅವರೇ ನಿರ್ಧರಿಸಬೇಕು.

ಅದಕ್ಕೇ ಡ್ರೈವರಮ್ಮ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತಿದ್ದಳು. ಗಂಡ ಬಗ್ಗಿ ನೋಡಿ ನಕ್ಕ.

"ಇದೇನೇ ಇದು? ಮಗು ನೋಡ್ಕೊಳ್ಳೋರಿಗೆ ಪ್ರಶ್ನೆಪತ್ರಿಕೆನಾ? ನಮ್ಮ ಸೂಪರ್‌ವೈಸರ್ ಒಬ್ಬರನ್ನ ಹೇಳಿದಾರೆ. ಒಳ್ಳೆಯೋರಂತೆ. ಬರಲಿ, ನೋಡೋಣ, ಕೆಲಸಕ್ಕೆ ಇಟ್ಕೊಳ್ಳೋಣ. ಮುಗೀತು."

"ಅವರು ಒಳ್ಳೆಯೋರು ಅಂತ ಸೂಪರ್‌ವೈಸರ್‌ಗೆ ಹೇಗೆ ಗೊತ್ತು?"

"ಯಾರೋ ಹೇಳಿದಾರಂತೆ."

"ಆ ಯಾರೋಗೆ ಹೇಗೆ ಗೊತ್ತು?"

ಅಷ್ಟರಲ್ಲಿ ಕೆಳಗಿನ ಮನೆಯ ಸಿಸ್ಟರ್ ಬಾಗಿಲಲ್ಲಿ ಕಾಣಿಸಿದರು. ಮಕ್ಕಳ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಮೆಟ್ಟಿಲು ಹತ್ತುವಾಗಲೇ ಇವರ ಮಾತು ಅವರ ಕಿವಿಗೆ ಬಿದ್ದಿತ್ತು; ಏದುಸಿರಿನಲ್ಲೇ ಮಾತಿಗಿಳಿದರು.

"ಏನಪ್ಪಾ, ಹೊಸ ಕೇಬಲ್ ಹಾಕಿದ ಲಿಫ್ಟಿಗೆ ಪರೀಕ್ಷೆ ಮಾಡದೇ ಜನ ಹತ್ತಿಸ್ತೀಯಾ?"

"ಅಯ್ಯೋ, ಎಲ್ಲಾದ್ರೂ ಉಂಟಾ ಸಿಸ್ಟರ್!"

"ಮತ್ತೆ ಮಗುನ ಹತ್ತಿಸೋಕೆ ಯಾಕಪ್ಪ ಅವಸರ?"

ಅವನು ತಲೆ ಕೆರೆದುಕೊಂಡ. ಸಿಸ್ಟರ್ ಡ್ರೈವರಮ್ಮನ ಪಕ್ಕ ಕೂತರು. "ನೋಡಮ್ಮ, ಮಕ್ಕಳಂದ್ರೆ ಇಷ್ಟನಾ ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ಹಾಗೆ ಕೇಳಬೇಡ. ಹೀಗಾದ್ರೆ ಏನ್ಮಾಡ್ತೀರಿ ಅಂತ ಕೇಳು. ಮೊದಲು ಕೆಲಸ ಮಾಡಿದ ಮನೆಯೋರ ನಂಬರ್ ಇಸ್ಕೋ, ಫೋನ್ ಮಾಡಿ ಮಾತಾಡು. ಹೇಗಿದ್ರು ಅಂದ್ರೆ ಚೆನ್ನಾಗಿದ್ರು ಅಂದುಬಿಡ್ತಾರೆ, ಯಾರೂ ಬಾಯಿ ಬಿಡಲ್ಲ. ನೀವು ಮತ್ತೆ ಅವರನ್ನೇ ಕರೀತೀರಾ ಅಂತ ಕೇಳು. ಅಲ್ಲಿ ಗೊತ್ತಾಗುತ್ತೆ."

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಹೇಳಿದ ಹೆಂಗಸು ಬಂದಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಮುಖದ ತುಂಬ ನಗು, ಬಾಯಿ ತೆರೆದರೆ ಅರಳು ಹುರಿದಂಥ ಮಾತು. ಒಳಗೆ ಬಂದವಳೇ ಮಗುವನ್ನು ಎತ್ತಿಕೊಂಡು ಲೊಚಲೊಚನೆ ಮುದ್ದಿಟ್ಟಳು. ಗಂಡನ ಮುಖ ಅರಳಿತು. ನೋಡಿದೆಯಾ ಎಂಬಂತೆ ಹೆಂಡತಿಯತ್ತ ಕಣ್ಣು ಹೊಡೆದ.

ಡ್ರೈವರಮ್ಮ ನೋಟ್‌ಬುಕ್ ತೆರೆದಳು. "ಮಗು ಅತ್ತೂ ಅತ್ತೂ ಸುಮ್ಮನಾಗ್ಲಿಲ್ಲ ಅಂದ್ರೆ ಏನ್ಮಾಡ್ತೀರಿ?"

"ನನ್ನ ಕೈಗೆ ಬಂದ ಮಗು ಅಳೋದೇ ಇಲ್ಲ ಬಿಡಿ ಮೇಡಂ!"

"ಒಂದು ದಿನ ಅತ್ತಿತು ಅಂದ್ಕೊಳ್ಳಿ."

"ಅದಕ್ಕೆಲ್ಲ ನನ್ನ ಹತ್ರ ಉಪಾಯ ಇದೆ. ಮಲಗಿಸಿಬಿಡ್ತೀನಿ. ಹಿಂದಿನ ಮನೆ ಮಗು ನಾನಿದ್ದಷ್ಟು ಹೊತ್ತೂ ಬೊಂಬೆ ಹಾಗೆ ಮಲಗಿರ್ತಿತ್ತು."

ಏನು ಉಪಾಯ ಎಂದು ಕೇಳಿದ್ದಕ್ಕೆ ಅವಳು ನಕ್ಕು ಮಾತು ಬದಲಿಸಿದಳು. ಹಿಂದಿನ ಮನೆಯವರ ನಂಬರ್ ಕೇಳಿದಾಗ ನಗು ಸ್ವಲ್ಪ ಮಾಸಿತು. ಹುಡುಕಿ, ತಡಕಾಡಿ ಒಂದು ನಂಬರ್ ಕೊಟ್ಟು ಹೋದಳು.

"ಸೋಮವಾರ ಬಾ ಅಂದುಬಿಡ್ಲಾ?" ಎಂದ ಗಂಡ.

"ಫೋನ್ ಮಾಡೋವರೆಗೂ ಯಾವ ವಾರಾನೂ ಇಲ್ಲ" ಎಂದು ಅವಳು ಅಲ್ಲೇ ನಂಬರ್ ಒತ್ತಿ ಸ್ಪೀಕರ್‌ಗೆ ಹಾಕಿದಳು.

ಆ ಕಡೆಯ ಹೆಂಗಸು ಚುಟುಕಾಗಿ ಮಾತಾಡಿದಳು. ಕೆಲಸ ಚೆನ್ನಾಗಿತ್ತು, ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು, ಕೈ ಶುದ್ಧ.

"ನೀವು ಮತ್ತೆ ಅವರನ್ನೇ ಕರೀತೀರಾ?"

ಆ ಕಡೆಯ ಧ್ವನಿ ತಗ್ಗಿತು. "ನಿಮ್ಮ ಮಗುಗೆ ಎಷ್ಟು ವಯಸ್ಸು?"

"ಎಂಟು ತಿಂಗಳು."

"ಹಾಗಾದ್ರೆ ಹೇಳಲೇಬೇಕು. ನಮ್ಮ ಮಗ ಹಗಲೆಲ್ಲ ಮಲಗಿರ್ತಿದ್ದ. ಸಂಜೆ ಎತ್ತಿಕೊಂಡ್ರೆ ಕತ್ತು ನಿಲ್ತಿರಲಿಲ್ಲ, ಮಂಕಾಗಿರ್ತಿದ್ದ. ಡಾಕ್ಟ್ರು ಕೇಳಿದಾಗ ಮನೆಯೆಲ್ಲ ಹುಡುಕಿದ್ವಿ. ನೆಗಡಿ ಸಿರಪ್ ಬಾಟ್ಲಿ ಖಾಲಿಯಾಗಿತ್ತು. ನಿದ್ದೆ ಬರ್ಲಿ ಅಂತ ದಿನಾ ಕೊಡ್ತಿದ್ಲು. ಅವಳ ಹೊಟ್ಟೆ ಮೇಲೆ ಹೊಡೆಯೋದು ಯಾಕೆ ಅಂತ ನಾನು ಯಾರಿಗೂ ಹೇಳ್ಲಿಲ್ಲ. ತಪ್ಪು ಮಾಡ್ದೆ."

ಇನ್ನೊಂದು ಕ್ಷಣ ಬಿಟ್ಟಿದ್ದರೆ ಗಂಡ ಸೋಮವಾರ ಬಾ ಎಂದುಬಿಡುತ್ತಿದ್ದ. ಮಗುವನ್ನು ಎದೆಗವಚಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ. ತಿರುಗಿ ನೋಡದೆಯೇ ಹೇಳಿದ.

"ಯಾರೂ ಬೇಡ. ಯಾರನ್ನೂ ನಂಬೋ ಕಾಲ ಅಲ್ಲ ಇದು. ನೀನೇ ಕೆಲಸ ಬಿಟ್ಟುಬಿಡು."

ಡ್ರೈವರಮ್ಮನಿಗೆ ಮೈಯೆಲ್ಲ ಉರಿಯಿತು. ಆದರೂ ದನಿ ಏರಿಸಲಿಲ್ಲ. "ರೀ, ಆ ಲೈಸೆನ್ಸಿಗೋಸ್ಕರ ನಾನು ಎಷ್ಟು ಜನರ ಕೈಲಿ ನಗಿಸ್ಕೊಂಡಿದೀನಿ ಅಂತ ನಿಮಗೆ ಗೊತ್ತು. ನಿನ್ನೆವರೆಗೂ ಏನೂ ಕೇಳೋದೇ ಬೇಡ ಅಂತಿದ್ರಿ. ಇವತ್ತು ಯಾರನ್ನೂ ಸೇರಿಸೋದೇ ಬೇಡ ಅಂತೀರಿ. ಎರಡೂ ಸರಿಯಲ್ಲ. ಒಬ್ಬಳು ಕೆಟ್ಟವಳು ಅಂತ ಇವತ್ತು ಗೊತ್ತಾಗಿದ್ದು ಹೇಗೆ? ಕೇಳಿದ್ದಕ್ಕೆ. ಕೇಳ್ತಾ ಹೋದ್ರೆ ಒಳ್ಳೆಯೋರೂ ಸಿಗ್ತಾರೆ. ನಾನು ಕೆಲಸ ಬಿಡಲ್ಲ, ಕೇಳೋದನ್ನೂ ಬಿಡಲ್ಲ."

ಆ ವಾರ ಇನ್ನೂ ಮೂವರು ಬಂದು ಹೋದರು. ಒಬ್ಬಳಿಗೆ ದಾರಿ ದೂರವಾಯಿತು. ಒಬ್ಬಳು ಮಾತಾಡಿದಷ್ಟು ಹೊತ್ತೂ ಫೋನಿನಿಂದ ಕಣ್ಣೆತ್ತಲಿಲ್ಲ. ಮತ್ತೊಬ್ಬಳಿಗೆ ಮಗುವಿಗಿಂತ ಟೀವಿ ಎಲ್ಲಿದೆ ಎಂಬ ಚಿಂತೆಯೇ ಹೆಚ್ಚು. ದಿನಗಳು ಕೈಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿದಿದ್ದವು. ಡ್ರೈವರಮ್ಮನಿಗೆ ಒಳಗೊಳಗೇ ದಿಗಿಲು. ಆದರೂ ಹಲ್ಲು ಕಚ್ಚಿ ಕೂತಳು.

ಐದನೆಯವಳು ನಲವತ್ತೈದರ ಆಸುಪಾಸಿನ ಹೆಂಗಸು. ಗಂಟು ಮುಖ. ಬಂದವಳು ಮಗುವನ್ನು ಎತ್ತಲಿಲ್ಲ.

"ಕೈ ತೊಳೀಬೇಕಿತ್ತು" ಎಂದಳು. ತೊಳೆದು ಬಂದು ನೆಲದ ಮೇಲೆ, ಮಗುವಿನಿಂದ ಎರಡು ಮಾರು ದೂರದಲ್ಲಿ ಕೂತಳು. ಬುಲ್ಡೋಜರ್ ಅವಳನ್ನು ಕಣ್ಣರಳಿಸಿ ನೋಡಿತು. ಐದು ನಿಮಿಷ ನೋಡಿ, ನಿಧಾನವಾಗಿ ಹತ್ತಿರ ಹೋಗಿ ಅವಳ ಸೆರಗು ಹಿಡಿದು ಎಳೆಯಿತು. ಆಗ ಅವಳ ಮುಖ ಸಡಿಲಿತು.

"ನಿಮ್ಮ ಕೈಯಲ್ಲಿದ್ದಾಗ ಯಾವ ಮಗುಗಾದ್ರೂ ಪೆಟ್ಟಾಗಿತ್ತಾ?" ಎಂದು ಕೇಳಿದಳು ಡ್ರೈವರಮ್ಮ.

"ಆಗಿತ್ತು. ಎರಡು ವರ್ಷದ ಹಿಂದೆ. ಬಟ್ಟೆ ತಗೊಳ್ಳೋಕೆ ಅಂತ ತಿರುಗಿದೆ, ಅಷ್ಟರಲ್ಲಿ ಮಗು ಮಂಚದಿಂದ ಬಿತ್ತು. ಹಣೆ ಊದ್ಕೊಂಡ್ತು. ತಕ್ಷಣ ಅವರಮ್ಮನಿಗೆ ಫೋನ್ ಮಾಡಿ ಆಸ್ಪತ್ರೆಗೆ ಎತ್ಕೊಂಡು ಹೋದೆ. ಆವತ್ತಿಂದ ಮಂಚದ ಮೇಲೆ ಬಟ್ಟೆ ಬದಲಿಸಲ್ಲ, ನೆಲದ ಮೇಲೇ."

ಗಂಡ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. "ಮಗು ಬೀಳಿಸಿದೀನಿ ಅಂತ ಬಾಯಿಬಿಟ್ಟು ಹೇಳ್ತಿದಾಳಲ್ಲೇ!"

"ಅದಕ್ಕೇ ಕಿವಿಗೊಟ್ಟು ಕೇಳ್ತಿದೀನಿ. ನೀವೂ ಕೇಳಿ."

ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡುತ್ತೀರಿ ಎಂಬುದು ಮುಂದಿನ ಪ್ರಶ್ನೆ. "ಅದು ಸರಿಯಾಗಿ ಗೊತ್ತಿಲ್ಲಮ್ಮ. ಯಾರಾದ್ರೂ ಹೇಳಿಕೊಟ್ರೆ ಕಲೀತೀನಿ" ಎಂದಳು ಆಕೆ. ಔಷಧದ ಮಾತು ಬಂದಾಗ ತಟ್ಟನೆ ಉತ್ತರ ಬಂತು. "ನಿಮ್ಮನ್ನ ಕೇಳದೇ ಒಂದು ತೊಟ್ಟೂ ಹಾಕಲ್ಲ."

ಆಮೇಲೆ ಅವಳೇ ಕೇಳತೊಡಗಿದಳು. ಮಗುವಿಗೆ ಯಾವ ಆಹಾರ ಒಗ್ಗುವುದಿಲ್ಲ? ಇವರಿಬ್ಬರೂ ಫೋನಿಗೆ ಸಿಗದಿದ್ದರೆ ಯಾರನ್ನು ಕರೆಯಬೇಕು? ಬಸ್ಸು ತಡವಾದರೆ ಮನೆಗೆ ಬೇಗ ಬರುವವರು ಯಾರು? "ನನಗೂ ಮನೆ ಇದೆ. ವಾರಕ್ಕೊಂದು ದಿನ ರಜೆ ಬೇಕು. ಮಗು ಕೆಲಸದ ಜೊತೆ ಪಾತ್ರೆ, ಬಟ್ಟೆ ಅಂತ ಸೇರಿಸಬೇಡಿ. ಪಾತ್ರೆ ಮುಂದೆ ನಿಂತ್ರೆ ಬೆನ್ನ ಹಿಂದೆ ಮಗು ಏನ್ಮಾಡುತ್ತೆ ಅಂತ ಕಾಣಲ್ಲ."

"ಯಾರು ಯಾರ ಇಂಟರ್‌ವ್ಯೂ ಮಾಡ್ತಿರೋದು?" ಎಂದು ಗಂಡ ಗೊಣಗಿದ. ಆದರೆ ತಾವಿಬ್ಬರೂ ಸಿಗದಿದ್ದರೆ ಯಾರನ್ನು ಕರೆಯಬೇಕು ಎಂಬುದನ್ನು ತಾವೇ ಯೋಚಿಸಿರಲಿಲ್ಲ ಎಂದು ಅವನಿಗೆ ಹೊಳೆಯಿತು. ಕೆಳಗಿನ ಮನೆಯ ಸಿಸ್ಟರ್ ನಂಬರ್ ಬರೆದು ಆಕೆಗೆ ಕೊಟ್ಟ.

ಆಕೆ ಎರಡು ಮನೆಗಳ ನಂಬರ್ ಕೊಟ್ಟಳು. ಒಬ್ಬಾಕೆ ಹೇಳಿದಳು, "ಬಿದ್ದಿದ್ದು ನಿಜ. ಆಕೆ ಮುಚ್ಚಿಟ್ಟಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಮತ್ತೆ ಕರೀತೀರಾ ಅಂತೀರಾ? ನಾವು ಊರು ಬಿಡದೇ ಇದ್ದಿದ್ರೆ ಆಕೇನ ನಿಮಗೆ ಬಿಟ್ಟೇ ಕೊಡ್ತಿರಲಿಲ್ಲ." ಇನ್ನೊಂದು ಮನೆಯವರೂ ಹೊಗಳಿದರು. ಡ್ರೈವರಮ್ಮ ಗುರುತಿನ ಚೀಟಿ ನೋಡಿ ವಿಳಾಸ ಬರೆದುಕೊಂಡಳು. ಗಂಡನೇ ಆ ವಿಳಾಸಕ್ಕೆ ಹೋಗಿ ಮನೆ ನೋಡಿ ಬಂದ. ಕೆಲಸದ ಹೊತ್ತು, ರಜೆ, ಸಂಬಳ ಎಲ್ಲ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಿದರು.

ರಜೆ ಇನ್ನೂ ಐದು ದಿನ ಇತ್ತು. ಮೊದಲ ಎರಡು ದಿನ ಡ್ರೈವರಮ್ಮ ಮನೆಯಲ್ಲೇ ಇದ್ದು ನೋಡಿದಳು. ಸಿಸ್ಟರ್ ಮೇಲೆ ಬಂದು, ಉಸಿರು ಕಟ್ಟಿದ ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿಸಿ ಹಿಡಿದು, ಬೆನ್ನಿಗೆ ಹೇಗೆ ತಟ್ಟಬೇಕು ಎಂದು ತಲೆದಿಂಬಿನ ಮೇಲೆ ತೋರಿಸಿಕೊಟ್ಟರು. ಗಂಡನೂ ಕಲಿತ. "ಮೆಲ್ಲಗಪ್ಪಾ, ದಿಂಬಿನ ಹತ್ತಿಯೆಲ್ಲ ಹೊರಗೆ ಬರುತ್ತೆ" ಎಂದು ಸಿಸ್ಟರ್ ಗದರಿದಾಗ ಗಂಟು ಮುಖದಾಕೆಯೂ ಕಿಸಕ್ಕನೆ ನಕ್ಕಳು.

ಮೂರನೇ ದಿನ ಡ್ರೈವರಮ್ಮ ಸಂಜೆ ಬರುತ್ತೇನೆಂದು ಹೇಳಿ ಹೊರಟವಳು ಮಧ್ಯಾಹ್ನವೇ ವಾಪಸಾದಳು. ಕೆಳಗಿನ ಮೆಟ್ಟಿಲಿಗೇ ಮಗಳ ಅಳು ಕೇಳಿಸಿತು. ಎರಡೆರಡು ಮೆಟ್ಟಿಲು ಹಾರಿ ಬಾಗಿಲು ತೆಗೆದಳು.

ಆಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಮುಖ ಬೆವೆತಿತ್ತು, ಹೆಗಲೆಲ್ಲ ಜೊಲ್ಲು. "ಇಪ್ಪತ್ತು ನಿಮಿಷದಿಂದ ಅಳ್ತಿದೆಯಮ್ಮ. ಮೈ ಬಿಸಿ ಇಲ್ಲ, ಹೊಟ್ಟೆ ಮೆತ್ತಗಿದೆ. ಒಸಡು ಕೆಂಪಾಗಿದೆ, ಹಲ್ಲು ಬರ್ತಿರಬೇಕು. ನಿಮಗೆ ಫೋನ್ ಮಾಡಿದ್ದೆ, ಎತ್ತಲಿಲ್ಲ. ಈಗ ಸಿಸ್ಟರನ್ನ ಕರೆಯೋಣ ಅಂತಿದ್ದೆ."

ಡ್ರೈವರಮ್ಮ ಫೋನ್ ತೆಗೆದು ನೋಡಿದಳು. ಆಕೆಯ ಎರಡು ಕರೆಗಳಿದ್ದವು. ಮಗಳ ಕೆಳ ಒಸಡಿನ ಮೇಲೆ ಬೆರಳಾಡಿಸಿದಳು. ಅಕ್ಕಿಕಾಳಿನ ತುದಿಯಂತೆ ಏನೋ ಚುಚ್ಚಿತು.

ಮಗಳು ಜೋರಾಗಿ, ಚೆನ್ನಾಗಿ ಎಚ್ಚರವಾಗಿ ಅಳುತ್ತಿದ್ದಳು. ಆ ಅಳು ಕೇಳಿ ತಾಯಿಗೆ ಸಮಾಧಾನವಾಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ನಿಜ.

ಡ್ರೈವರಮ್ಮ ಈಗ ಮತ್ತೆ ಬಸ್ಸು ಓಡಿಸುತ್ತಿದ್ದಾಳೆ. ಒಂದೊಂದು ದಿನ ಹೇಳದೇ ಬೇಗ ಮನೆಗೆ ಬರುವುದನ್ನು ಅವಳು ಬಿಟ್ಟಿಲ್ಲ. ಗಂಡನ ಜೊತೆ ಕೆಲಸ ಮಾಡುವ ಒಬ್ಬನಿಗೆ ಹೋದ ವಾರ ಮಗು ನೋಡಿಕೊಳ್ಳುವವರು ಬೇಕಾಗಿತ್ತು. ಒಳ್ಳೆಯವರಂತೆ, ಇಟ್ಟುಕೊಂಡುಬಿಡುತ್ತೇನೆ ಎಂದನಂತೆ. "ಯಾರು ಹೇಳಿದ್ದು? ಫೋನ್ ಮಾಡಿ ಕೇಳಿದ್ಯಾ? ಕೇಳದೇ ಹೂಂ ಅನ್ನಬೇಡ ಮಾರಾಯ" ಎಂದು ಅವನನ್ನು ತಡೆದು ನಿಲ್ಲಿಸಿದವನು ಇದೇ ಲಿಫ್ಟ್ ಮೆಕ್ಯಾನಿಕ್.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ದಿನ ಬರಬಹುದು. ಆಗ ನಗುಮುಖ ನೋಡಿ ಹೂಂ ಅನ್ನಬೇಡಿ, ಗಂಟು ಮುಖ ನೋಡಿ ಬೇಡ ಅನ್ನಲೂ ಬೇಡಿ. ಹಳೆಯ ಮನೆಯವರಿಗೆ ಫೋನ್ ಮಾಡಿ. ಕೆಲವು ದಿನ ಜೊತೆಯಲ್ಲಿದ್ದು ನೋಡಿ. ನಿಮ್ಮ ಬಳಿ ಕೆಲಸ ಬಿಟ್ಟವರ ಬಗ್ಗೆ ಬೇರೆ ತಾಯಿಯೊಬ್ಬಳು ವಿಚಾರಿಸಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಿಮ್ಮ ಕೂಸನ್ನು ನೋಡಿಕೊಳ್ಳುವಾಕೆಗೂ ಊಟದ ಹೊತ್ತು, ರಜೆ, ಮರ್ಯಾದೆ ಬೇಕು ಎಂಬುದನ್ನು ಮರೆಯಬೇಡಿ. ಕೇಳಲು ಸಂಕೋಚವಾದರೆ ಒಂದು ಸಲ ಮಗುವಿನ ಮುಖ ನೋಡಿ. ಹಗಲು ಮನೆಯಲ್ಲಿ ಏನಾಯಿತೆಂದು ಹೇಳಲು ಅದಕ್ಕೆ ಇನ್ನೂ ಮಾತು ಬರುವುದಿಲ್ಲ. ಅದರ ಪರವಾಗಿ ನೀವೇ ಕೇಳಬೇಕು. ಧೈರ್ಯವಾಗಿ ಕೇಳಿ.