ಉಪ್ಪಿಟ್ಟಿನ ಸಾಲಿನಲ್ಲಿ ರಾಗಿಮುದ್ದೆ

ಅಟ್ಟೂರಿನಿಂದ ಯಲಹಂಕಕ್ಕೆ ಹೋಗುವ ಗಾಡಿದಾರಿಯಲ್ಲಿ ಬೈರಪ್ಪನಪಾಳ್ಯ ಎಂದರೆ ಮೂವತ್ತು ಮನೆ, ಆಚೆಗೊಂದು ಕೇರಿ, ನಡುವೆ ಒಂದು ಶಾಲೆ. ಆ ಊರಿನಲ್ಲಿ ಯಾರಿಗೆ ಹುಷಾರು ತಪ್ಪಿದರೂ ಮೊದಲು ಮಾಡುತ್ತಿದ್ದ ಕೆಲಸ ಯಲಹಂಕದ ಪೇಟೆಯಿಂದ ಬ್ರೆಡ್ಡು ತರಿಸುವುದು. ರಾಗಿ ಏನಿದ್ದರೂ ಮೈ ಗಟ್ಟಿಯಿದ್ದವರ ಊಟ, ಕಾಯಿಲೆಯವರಿಗೆ ಬ್ರೆಡ್ಡು, ರಸ್ಕು, ಗೋಧಿ ಗಂಜಿ ಎಂಬುದರಲ್ಲಿ ಅಲ್ಲಿ ಹುಟ್ಟಿದ ಯಾವ ಪ್ರಾಣಿಗೂ ಅನುಮಾನ ಇರಲಿಲ್ಲ.

ಹಾಗಾಗಿ ಲಕ್ಕಣ್ಣನ ಹೆಂಡತಿ ಗೌರಮ್ಮ ತನ್ನ ಮಗಳನ್ನು ಮೂರು ವರ್ಷ ಕೈಯಾರೆ ಸವೆಸಿದಳು ಎಂದರೆ ಅವಳನ್ನು ಬಯ್ಯುವ ಹಾಗಿಲ್ಲ. ಮಗಳ ಹೆಸರು ಗಂಗರತ್ನ, ಮನೆಯವರ ಬಾಯಲ್ಲಿ ರತ್ನಿ. ಮೂರು ತುಂಬುವವರೆಗೆ ರಾಗಿ ಅಂಬಲಿ ಕುಡಿದು ಗುಂಡುಗುಂಡಾಗಿದ್ದ ಕೂಸಿಗೆ ಒಮ್ಮೆ ಜ್ವರ ಬಂತು. ಬ್ರೆಡ್ಡು ಬಂತು. ಜ್ವರ ಹೋಯಿತು, ಬ್ರೆಡ್ಡು ಹೋಗಲಿಲ್ಲ. ಮಗು ಇಳಿದುಹೋಗಿದೆ ಎಂದು ಅಜ್ಜಿ ಮುನಿವೆಂಕಟಮ್ಮ ಗೋಧಿ ಗಂಜಿ ಶುರು ಮಾಡಿದಳು. ಮಗು ಇನ್ನಷ್ಟು ಇಳಿಯಿತು, ಗಂಜಿ ಇನ್ನಷ್ಟು ಗಟ್ಟಿಯಾಯಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ, ದಿನಕ್ಕೆ ಏಳೆಂಟು ಸಲ ಭೇದಿ. ಬಾಲಗ್ರಹ ಎಂದರು, ತಾಯತ ಕಟ್ಟಿಸಿದರು, ಹರಕೆ ಹೊತ್ತರು. ಹರಕೆ ಹೊತ್ತು ಬಂದು ಮತ್ತೆ ಗಂಜಿ ಕುಡಿಸಿದರು.

ಕೊನೆಗೆ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಒಬ್ಬ ವಯಸ್ಸಾದ ಡಾಕ್ಟರಮ್ಮ ರತ್ನಿಯ ಹೊಟ್ಟೆ ಒತ್ತಿ ನೋಡಿ, ಅವಳು ಏನೇನು ತಿನ್ನುತ್ತಾಳೆಂದು ಅರ್ಧ ಗಂಟೆ ಕೂತು ಕೇಳಿದರು. ಆಮೇಲೆ ಹೇಳಿದರು: "ಗೋಧಿಯಲ್ಲಿರೋ ಜಿಗುಟು ಈ ಮಗುವಿನ ಕರುಳಿಗೆ ಆಗಲ್ಲಮ್ಮ. ಬ್ರೆಡ್ಡು, ಬಿಸ್ಕತ್ತು, ರವೆ, ಮೈದಾ, ಬಾರ್ಲಿ, ಒಂದು ಚೂರೂ ಬೇಡ. ರಾಗಿ, ಅಕ್ಕಿ, ಜೋಳ ಕೊಡಿ. ಬೇರೆ ಔಷಧಿ ಇಲ್ಲ."

"ಎಷ್ಟ್ ದಿನ ಡಾಕ್ಟ್ರಮ್ಮ?"

"ಬದುಕಿರೋವರೆಗೂ."

ಗೌರಮ್ಮನಿಗೆ ಅಳು ಬರಬೇಕಿತ್ತು, ಬಂದದ್ದು ಕೋಪ. ಮನೆಯ ವಾಡೆ ತುಂಬ ರಾಗಿ ಇಟ್ಟುಕೊಂಡು ಪೇಟೆಯ ಬ್ರೆಡ್ಡಿಗೆ ಕೈಯೊಡ್ಡಿದ್ದೆನಲ್ಲ ಎಂದು ಬಸ್ಸಿನ ಉದ್ದಕ್ಕೂ ತನ್ನನ್ನೇ ಬಯ್ದುಕೊಂಡಳು. ಊರಿಗೆ ಬಂದವಳೇ ಗೋಧಿ ಹಿಟ್ಟಿನ ಡಬ್ಬವನ್ನು ಎಮ್ಮೆಯ ಬಾನಿಗೆ ಸುರಿದಳು. ಮೂರು ತಿಂಗಳಿಗೆ ರತ್ನಿ ಹುಣಸೆ ಮರ ಹತ್ತಿದಳು. ಅವಳನ್ನು ಇಳಿಸಲು ಲಕ್ಕಣ್ಣ ಏಣಿ ತರುವಾಗ ಗೌರಮ್ಮ ಕೆಳಗೆ ನಿಂತು ಬಯ್ಯುತ್ತಾ ಬಯ್ಯುತ್ತಾ ಆನಂದದಿಂದ ಅತ್ತಳು.

ಆದರೆ ಗೋಧಿ ಎಂಬುದು ಹಾಗೆಲ್ಲ ಒಂದೇ ಏಟಿಗೆ ಮನೆ ಬಿಟ್ಟು ಹೋಗುವ ನೆಂಟನಲ್ಲ. ಯಲಹಂಕದ ಮಿಲ್ಲಿನಲ್ಲಿ ರಾಗಿ ಬೀಸಿಸಿಕೊಂಡು ಬಂದ ವಾರ ಮಗುವಿಗೆ ಮತ್ತೆ ಭೇದಿಯಾಯಿತು. ಮಿಲ್ಲಿನವನು ಮುಂಚೆ ಯಾರದೋ ಗೋಧಿ ಬೀಸಿ, ಅದೇ ಕಲ್ಲಿಗೆ ಇವಳ ರಾಗಿ ಸುರಿದಿದ್ದ. ಅಂದಿನಿಂದ ಗೌರಮ್ಮ ಅಟ್ಟದ ಕೆಳಗಿದ್ದ ಬೀಸುವ ಕಲ್ಲು ಎಳೆದು, ಕೋಳಿ ಕೂಗುವ ಹೊತ್ತಿಗೆ ತಾನೇ ಬೀಸತೊಡಗಿದಳು. ಅಂಗಡಿಯ ಇಂಗಿಗೂ ಗೋಧಿ ಹಿಟ್ಟು ಬೆರೆಸುತ್ತಾರೆಂದು ತಿಳಿದ ದಿನ ಒಗ್ಗರಣೆಯಿಂದ ಇಂಗನ್ನೇ ಓಡಿಸಿದಳು. ಯುಗಾದಿಗೆ ಊರೆಲ್ಲ ಒಬ್ಬಟ್ಟು ತಟ್ಟಿದರೆ ಇವಳ ಮನೆಯಲ್ಲಿ ಅಕ್ಕಿಹಿಟ್ಟಿನ ಕಡುಬು, ಹೂರಣ ಮಾತ್ರ ಅದೇ. ಅತ್ತೆ ಮುನಿವೆಂಕಟಮ್ಮ ಮೊದಮೊದಲು ಮೂಗು ಮುರಿದು, ಕದ್ದು ಮೊಮ್ಮಗಳ ಬಾಯಿಗೆ ಒಂದು ಬಿಸ್ಕತ್ತು ತುರುಕಿದಳು. ಎಂಟು ದಿನ ಮಗು ನರಳಿದ್ದು ನೋಡಿದ ಮೇಲೆ ಸೊಸೆಗಿಂತ ದೊಡ್ಡ ಕಾವಲುಗಾರ್ತಿ ಅವಳೇ ಆದಳು.

ಇಷ್ಟೆಲ್ಲ ಗೆದ್ದ ಮೇಲೆ ಅರವತ್ತೈದನೇ ಇಸವಿಯಲ್ಲಿ ರತ್ನಿ ಶಾಲೆಗೆ ಸೇರಿದಳು. ಅದೇ ವರ್ಷ ಶಾಲೆಗೆ ಅಮೆರಿಕದ ಗೋಧಿ ನುಚ್ಚು ಬಂತು.

ಮೂಟೆಯ ಮೇಲೆ ಎರಡು ಕೈ ಒಂದನ್ನೊಂದು ಹಿಡಿದ ಚಿತ್ರ. ಒಳಗೆ ಕೆಂಪಗಿನ ನುಚ್ಚು. ಮಧ್ಯಾಹ್ನ ಅದರ ಉಪ್ಪಿಟ್ಟಿನ ವಾಸನೆ ಎದ್ದರೆ ಮಗ್ಗಿ ಹೇಳುವ ಮಕ್ಕಳ ನಾಲಗೆ ತೊದಲುತ್ತಿತ್ತು. ಬೇಯಿಸುವವಳು ಕೇರಿಯ ಅಂಜಿನಮ್ಮ. ಅವಳನ್ನು ನೇಮಿಸಿದವರು ಶಾಲೆಯ ಒಬ್ಬರೇ ಒಬ್ಬ ಮೇಷ್ಟ್ರು, ಕೃಷ್ಣಯ್ಯ. ಊರಿನ ದೊಡ್ಡವರು ಮುಖ ಸಿಂಡರಿಸಿದಾಗ ಕೃಷ್ಣಯ್ಯ ಹಿಂದೆಗೆಯಲಿಲ್ಲ. ಎಲ್ಲ ಮಕ್ಕಳೂ ಒಂದೇ ಸಾಲು, ಒಂದೇ ಊಟ, ಮನೆಯ ಬುತ್ತಿ ತರಕೂಡದು ಎಂದರು. ಎರಡು ಮನೆಯವರು ಮಕ್ಕಳಿಗೆ ಹೊಟ್ಟೆ ಕಾಯಿಲೆ ಎಂದು ಡಾಕ್ಟರ ಚೀಟಿ ತಂದರು. ಆ ಮಕ್ಕಳು ಸಂಜೆ ಸಂತೆಯಲ್ಲಿ ಬೋಂಡ ತಿನ್ನುತ್ತಿದ್ದುದನ್ನು ಕೃಷ್ಣಯ್ಯ ಕಣ್ಣಾರೆ ಕಂಡು ಇಬ್ಬರ ಚೀಟಿಯನ್ನೂ ಹರಿದು ಬಿಸಾಡಿದರು. ಒಳ್ಳೆಯ ಮನುಷ್ಯ, ಧೈರ್ಯದ ಮನುಷ್ಯ. ನಮ್ಮ ಗೌರಮ್ಮನ ದುರದೃಷ್ಟಕ್ಕೆ ಮೂರನೆಯ ಚೀಟಿ ಅವಳದಾಯಿತು.

"ಗೋಧಿ ತಿಂದರೆ ಕಾಯಿಲೆ, ರಾಗಿ ತಿಂದರೆ ವಾಸಿ. ಇದು ಯಾವ ದೇಶದ ಕಾಯಿಲೆ ಗೌರಮ್ಮ?" ಎಂದರು ಕೃಷ್ಣಯ್ಯ. "ನೇರವಾಗಿ ಹೇಳಿ. ಅಂಜಿನಮ್ಮ ಮುಟ್ಟಿದ್ದು ನಿಮ್ಮ ಮಗಳಿಗೆ ಆಗಲ್ಲ, ಅಷ್ಟೇ ತಾನೆ?"

"ದೇವ್ರಾಣೆ ಅದಲ್ಲ ಮೇಷ್ಟ್ರೆ. ಮೊನ್ನೆ ನೀವ್ ಗದರ್ಸಿದ್ದಕ್ಕೆ ಎದ್ರಿ ಎಲ್ಡ್ ದಿನ ಉಪ್ಪಿಟ್ಟು ತಿಂದವ್ಳೆ. ಮನೇಲಿ ಮಲ್ಗವ್ಳೆ, ಬಂದ್ ನೋಡಿ."

"ನೋಡೋಕೆ ಹೋದರೆ ಎಲ್ಲರ ಮನೆಯಲ್ಲೂ ಮಲಗಿಸಿರ್ತಾರೆ. ಸೋಮವಾರದವರೆಗೆ ನೋಡ್ತೀನಿ. ಅಂಜಿನಮ್ಮನ ಕೈಯಿಂದ ತಿಂದರೆ ಶಾಲೆ. ಇಲ್ಲವಾದರೆ ಹೆಸರು ಹೊಡೆದುಹಾಕ್ತೀನಿ."

ಗೌರಮ್ಮ ದಾರಿಯುದ್ದಕ್ಕೂ ಮೇಷ್ಟ್ರ ವಂಶ ಜಾಲಾಡಿದಳು. ತನ್ನ ಮನೆಯಲ್ಲಿ ಯಾವ ಹೆಂಗಸೂ ಅಕ್ಷರ ಕಲಿತಿರಲಿಲ್ಲ. ಸಾವಿನ ಬಾಯಿಂದ ಎಳೆದು ತಂದ ಮಗಳು ಸ್ಲೇಟಿನ ಮೇಲೆ ಹೆಸರು ಬರೆದು ತೋರಿಸಿದ ದಿನ ಅವಳು ಆ ಸ್ಲೇಟನ್ನು ಒರೆಸಲು ಬಿಟ್ಟಿರಲಿಲ್ಲ. ಶಾಲೆ ಬಿಡಿಸಿದರೆ ಆ ಅಕ್ಷರ ಅಲ್ಲಿಗೇ ಮುಗಿಯಿತು. ಶಾಲೆಗೆ ಕಳಿಸಿದರೆ ಮಗಳೇ ಮುಗಿಯುತ್ತಾಳೆ.

ಬಾವಿಯ ಹತ್ತಿರ ಬರುವಷ್ಟರಲ್ಲಿ ಬಯ್ಗುಳ ಖಾಲಿಯಾಗಿ ಒಂದು ಮಾತು ಮಾತ್ರ ಉಳಿಯಿತು. ಮೇಷ್ಟ್ರು ಹೇಳಿದ್ದು ರತ್ನಿಯ ವಿಷಯದಲ್ಲಿ ಸುಳ್ಳು, ಸರಿ. ತನ್ನ ವಿಷಯದಲ್ಲಿ? ಹೋದ ಸುಗ್ಗಿಯಲ್ಲಿ ರಾಗಿ ಕೊಯ್ಯಲು ಬಂದ ಅಂಜಿನಮ್ಮ ನೀರು ಕೇಳಿದಾಗ ತಾನು ಚೊಂಬನ್ನು ಎತ್ತರಕ್ಕೆ ಹಿಡಿದು ಅವಳ ಬೊಗಸೆಗೆ ಹುಯ್ದಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನಾಗಿಯೇ ಮೇಲೆ ಹೋಗಿತ್ತು. ಗೌರಮ್ಮನಿಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಅವಳಿಗೊಂದು ದಾರಿಯೂ ಕಂಡಿತು.

ಭಾನುವಾರ ಸಂಜೆ, ತಾನೇ ಬೀಸಿದ ರಾಗಿ ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಹೊಸ ಮಡಕೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಕೇರಿಗೆ ಹೊರಟಳು. ಮುನಿವೆಂಕಟಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲಿ ಮುಟ್ಟಿ ಬಂದ್ರೆ ನನ್ ಒಲೆ ಮುಟ್ಬ್ಯಾಡ."

"ಮುಟ್ಟಲ್ಲ ಬಿಡತ್ತೆ. ನೀನೇ ಬೇಯ್ಸು, ನಾನ್ ಕುಂತ್ಕಂಡ್ ಉಣ್ತೀನಿ," ಎಂದು ಸೊಸೆ ಪಕ್ಕಕ್ಕೆ ಸರಿದು ಹೊರಟೇಹೋದಳು.

ಅಂಜಿನಮ್ಮ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದಳು. ಗೌಡರ ಮನೆಯ ಹೆಂಗಸನ್ನು ಕಂಡು ಎದ್ದಳೇ ಹೊರತು ಬಾ ಎನ್ನಲಿಲ್ಲ.

"ಏನ್ ಗೌಡ್ತಮ್ಮ, ಇಷ್ಟ್ ದೂರ? ನಿನ್ ಮಗ್ಳು ನನ್ ಪಾತ್ರೆ ಕಡೆ ನೋಡಿ ಮುಖ ತಿರುಗ್ಸೋದ್ ನೋಡಿದ್ರೆ ಒಟ್ಟೆ ಉರೀತದೆ. ಈಗ್ ನೀನೂ ಬಂದ್ಯಾ ಉರ್ಸಾಕೆ?"

ಗೌರಮ್ಮ ಕಾಯಿಲೆಯ ಕತೆಯನ್ನೆಲ್ಲ ಹೇಳಿದಳು. ಬ್ರೆಡ್ಡು, ಗಂಜಿ, ತಾಯತ, ಡಾಕ್ಟರಮ್ಮ, ಮಿಲ್ಲಿನ ಕಲ್ಲು. ಅಂಜಿನಮ್ಮ ಕೊಡಲಿ ಕೆಳಗಿಟ್ಟು ಕೇಳಿದಳು. ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು ಅವಳು, ಸೊರಗಿದ ಕೂಸಿನ ಕೈಕಾಲು ಹೇಗಿರುತ್ತದೆಂದು ಯಾರೂ ಅವಳಿಗೆ ವಿವರಿಸಬೇಕಾಗಿರಲಿಲ್ಲ.

"ಈ ಇಟ್ಟಿಂದ ನೀನೇ ಮುದ್ದೆ ಕಟ್ಬೇಕು ಅಂಜಿನಕ್ಕ. ನಿನ್ನೊಲೆ, ನಿನ್ ಕೈ. ಮಡಕೆ, ಕೋಲು ಮಾತ್ರ ಬ್ಯಾರೆ ಇರ್ಲಿ, ಗೋಧಿ ಸೋಕ್ಬಾರ್ದು. ಸಾರಿಗೆ ಇಂಗ್ ಬ್ಯಾಡ. ನಾಳೆ ಎಲ್ರ್ ಮುಂದೆ ಅವ್ಳಿಗೆ ನೀನೇ ಇಕ್ಕು."

ಅಂಜಿನಮ್ಮ ಒಳಗೆ ಹೋದಳು. ಒಂದು ಲೋಟ ನೀರು ತಂದು ಗೌರಮ್ಮನ ಮುಂದೆ ಹಿಡಿದಳು. ಗೌರಮ್ಮ ಲೋಟ ತೆಗೆದುಕೊಂಡು, ಎತ್ತಿ ಹುಯ್ದುಕೊಳ್ಳದೆ, ತುಟಿಗಿಟ್ಟು ಅಷ್ಟೂ ಕುಡಿದಳು. ಅಂಜಿಕೆ ಇರಲಿಲ್ಲ ಎಂದರೆ ಸುಳ್ಳು. ಕುಡಿದು ಮುಗಿಸಿದಾಗ ಅದು ಬರೀ ನೀರಾಗಿತ್ತು, ಸ್ವಲ್ಪ ಹೊಗೆಯ ವಾಸನೆ ಇತ್ತು.

"ಮಡಕೆ ಈಚೆ ಕೊಡು," ಎಂದಳು ಅಂಜಿನಮ್ಮ.

ಸೋಮವಾರ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ನಲವತ್ತು ಮಕ್ಕಳು ತಟ್ಟೆ ಇಟ್ಟುಕೊಂಡು ಕೂತಿದ್ದರು. ರತ್ನಿ ನಡುವೆ ಕೂತಿದ್ದಳು, ಇನ್ನೂ ಮುಖ ಬಿಳುಪಾಗಿತ್ತು. ಗೌರಮ್ಮ ಕಂಬದ ಹತ್ತಿರ ನಿಂತಿದ್ದಳು. ಸುದ್ದಿ ಹರಡಿದ್ದರಿಂದ ಬೇಲಿಯಾಚೆ ಊರಿನ ಏಳೆಂಟು ಹೆಂಗಸರೂ ಇದ್ದರು. ಕೃಷ್ಣಯ್ಯ ಹಾಜರಿ ಪುಸ್ತಕವನ್ನು ಕಂಕುಳಲ್ಲೇ ಇಟ್ಟುಕೊಂಡು ಬಂದು ನಿಂತರು.

ಅಂಜಿನಮ್ಮ ಸಾಲಿನುದ್ದಕ್ಕೂ ಉಪ್ಪಿಟ್ಟು ಬಡಿಸಿದಳು. ರತ್ನಿಯ ತಟ್ಟೆ ಬಿಟ್ಟು ಮುಂದೆ ಹೋದಳು. ಕೃಷ್ಣಯ್ಯನವರ ಹುಬ್ಬು ಗಂಟಾಯಿತು. ಸಾಲು ಮುಗಿಸಿ ಅವಳು ಕೈ ತೊಳೆದು, ಹೊಸ ಮಡಕೆ ತಂದು, ಅದರೊಳಗಿಂದ ಹಬೆಯಾಡುವ ಮುದ್ದೆಯೊಂದನ್ನು ಬರಿಗೈಯಲ್ಲಿ ತೆಗೆದು ರತ್ನಿಯ ತಟ್ಟೆಗಿಟ್ಟಳು. ಮೇಲೆ ಮನೆಯಿಂದಲೇ ತಂದ ಹುರುಳಿ ಸಾರು ಹುಯ್ದಳು.

"ಇವತ್ ಬೆಳಿಗ್ಗೆ ನನ್ ಮನೆ ಒಲೆ ಮ್ಯಾಲೆ ಬೆಂದಿದ್ದು ಮೇಷ್ಟ್ರೆ," ಎಂದಳು ಬೇಲಿಯವರಿಗೂ ಕೇಳುವ ಹಾಗೆ. "ಶಾಲೇಲಿ ಬಿಸಿ ಮಾಡ್ದೆ. ನನ್ ಕೈ, ನನ್ ಸಾರು."

ರತ್ನಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು. ಇನ್ನೊಂದು ತುತ್ತು. ಮತ್ತೊಂದು. ನಾಲ್ಕು ದಿನದಿಂದ ಅಕ್ಕಿ ಗಂಜಿಯ ತಿಳಿಯಲ್ಲೇ ಇದ್ದ ಮಗು, ಅವಸರಕ್ಕೆ ಮೂಗಿಗೂ ಸಾರು ಹಚ್ಚಿಕೊಂಡಿತು. ತಟ್ಟೆ ಬರಿದಾದಾಗ ತಲೆಯೆತ್ತಿ ಕೇಳಿದಳು:

"ದೊಡ್ಡಮ್ಮ, ಇನ್ನೊಂದ್ ಇಕ್ತೀಯಾ?"

ಬೇಲಿಯಾಚೆ ಯಾರೋ ಅಯ್ಯಯ್ಯೋ ಎಂದರು. ಗೌರಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಅಂಜಿನಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಎರಡನೆಯ ಮುದ್ದೆ ಇಟ್ಟಳು.

ಕೃಷ್ಣಯ್ಯ ಎರಡನೆಯ ಮುದ್ದೆಯೂ ಮುಗಿಯುವುದನ್ನು ನೋಡಿದರು. ಆಮೇಲೆ ಗೌರಮ್ಮನ ಹತ್ತಿರ ಬಂದು, "ನನ್ನದು ತಪ್ಪಾಯಿತಮ್ಮ. ಮಗುವಿಗೆ ಎರಡು ದಿನ ವಿಷ ತಿನ್ನಿಸಿದೆ. ಇನ್ನು ಮೇಲೆ ಇವಳಿಗೆ ದಿನಾ ಇದೇ ಊಟ, ಇದೇ ಸಾಲು. ಯಾರು ಕೇಳಿದರೂ ನಾನು ಉತ್ತರ ಹೇಳ್ತೀನಿ," ಎಂದರು. ನಲವತ್ತು ಮಕ್ಕಳ ಎದುರಿಗೇ ಹೇಳಿದರು. ಆ ದೊಡ್ಡತನ ಎಲ್ಲರಿಗೂ ಬರುವುದಿಲ್ಲ.

ಗೌರಮ್ಮನಿಗೆ ಅಷ್ಟು ಸಾಕಿತ್ತು. ಆದರೆ ಅವಳ ಮಗಳಿಗೆ ಒಂದು ಅನುಮಾನ ಉಳಿದಿತ್ತು.

"ಮೇಷ್ಟ್ರೆ, ನಿಮ್ಗೂ ಗೋಧಿ ಆಗಾಕಿಲ್ವಾ?"

"ಯಾಕಮ್ಮ?"

"ನೀವೂ ಉಪ್ಪಿಟ್ ತಿನ್ನಲ್ವಲ್ಲ. ರೂಮಲ್ಲಿ ಕುಂತ್ಕಂಡು ಮನೆ ಡಬ್ಬೀದೇ ಉಣ್ತೀರಲ್ಲ. ನಿಮ್ಗೂ ಒಟ್ಟೆ ನೋಯ್ತದಾ?"

ಕೇಳಿದ್ದು ಕುಹಕದಿಂದಲ್ಲ. ತನ್ನ ಹಾಗೆ ಇನ್ನೊಬ್ಬರು ಸಿಕ್ಕರಲ್ಲ ಎಂಬ ಸಡಗರ ಅವಳ ಮುಖದಲ್ಲಿತ್ತು. ಹೆಂಡತಿ ಕಟ್ಟಿಕೊಟ್ಟದ್ದನ್ನು ಕೋಣೆಯಲ್ಲಿ ಉಣ್ಣುವುದು ಕೃಷ್ಣಯ್ಯನವರಿಗೆ ಹತ್ತು ವರ್ಷದ ಅಭ್ಯಾಸ. ಅದಕ್ಕೂ ಈ ಸಾಲಿಗೂ ಸಂಬಂಧವಿದೆ ಎಂದು ಅವರಿಗೆ ಒಂದು ದಿನವೂ ಹೊಳೆದಿರಲಿಲ್ಲ. ಕಿವಿಯವರೆಗೂ ಕೆಂಪಾದರು. ಅಂಜಿನಮ್ಮ ನೆಲ ನೋಡುತ್ತಾ ನಿಂತಳು. ಬಾವಿಯ ದಾರಿಯಲ್ಲಿ ತಾನು ಪಟ್ಟ ನಾಚಿಕೆಯನ್ನು ಗೌರಮ್ಮ ಆ ಮುಖದಲ್ಲಿ ಗುರುತಿಸಿದಳು. ಅವಳ ಕೋಪವೆಲ್ಲ ಇಳಿದುಹೋಗಿ, ಅವರ ಮೇಲೆ ಮರುಕ ಬಂತು.

ಕೃಷ್ಣಯ್ಯ ಹಾಜರಿ ಪುಸ್ತಕವನ್ನು ಜಗಲಿಯ ಮೇಲಿಟ್ಟರು. ಚಪ್ಪಲಿ ಬಿಟ್ಟು, ರತ್ನಿಯ ಪಕ್ಕದಲ್ಲಿ ಮಂಡಿ ಮಡಚಿ ಕೂತರು. ಉಳಿದ ತಟ್ಟೆಯೊಂದನ್ನು ಮುಂದೆ ಎಳೆದುಕೊಂಡರು.

"ಇಲ್ಲಮ್ಮ, ನನಗೇನೂ ಕಾಯಿಲೆ ಇಲ್ಲ," ಎಂದರು. "ಅಂಜಿನಮ್ಮ, ಹಸಿವಾಗಿದೆ, ಬಡಿಸಮ್ಮ."

ಅಂಜಿನಮ್ಮನ ಕೈಯ ಸೌಟು ಒಂದು ಗಳಿಗೆ ನಿಂತು, ಆಮೇಲೆ ಉಪ್ಪಿಟ್ಟನ್ನು ರಾಶಿ ಹಾಕಿತು. ನಲವತ್ತು ಮಕ್ಕಳು ಉಣ್ಣುವುದು ಬಿಟ್ಟು ಮೇಷ್ಟ್ರ ಬಾಯಿಯನ್ನೇ ನೋಡಿದರು. ಕೃಷ್ಣಯ್ಯ ಮೊದಲ ತುತ್ತು ಎತ್ತುವಾಗ ರತ್ನಿ ತನ್ನ ತಟ್ಟೆಯನ್ನು ಎರಡು ಬೆರಳು ಈಚೆಗೆ ಸರಿಸಿಕೊಂಡಳು.

"ನಂದ್ರಲ್ಲಿ ಚೆಲ್ಬ್ಯಾಡಿ ಮೇಷ್ಟ್ರೆ," ಎಂದಳು. "ನಂಗೆ ಒಂದ್ ಕಾಳೂ ಆಗಾಕಿಲ್ಲ."

"ಚೆಲ್ಲಲ್ಲಮ್ಮ," ಎಂದರು ಕೃಷ್ಣಯ್ಯ, ತಟ್ಟೆಯ ಮೇಲೆ ಬಗ್ಗಿ, ಒಂದು ಕಾಳೂ ಬೀಳದ ಹಾಗೆ ಎಚ್ಚರದಿಂದ ಉಣ್ಣುತ್ತಾ.