ಎಳೆದು ಅಳೆದ ಐದು ಬೆರಳು

ನಿತಿನನಿಗೆ ಹೆಂಡತಿ ಇರಲಿಲ್ಲ. ಕಾರಿತ್ತು, ಆದರೆ ಆ ಕಾರಿಗೆ ತಕ್ಕ ಚಕ್ರ ಇರಲಿಲ್ಲ. ಮೊದಲನೆಯದಕ್ಕೆ ಎರಡನೆಯದೇ ಕಾರಣವೆಂದು ಅವನು ನಂಬಿದ್ದ.

ಕಾರು ಮಡಗಾಂವಿನಿಂದ ತಂದ ಎಂಟು ವರ್ಷ ಹಳೆಯ ಬಿಳಿ ಸೆಡಾನ್. ಹಿಂದಿನ ಮಾಲೀಕ ಗಿಡ್ಡ ಸ್ಪ್ರಿಂಗ್ ಹಾಕಿಸಿ ಅದನ್ನು ನೆಲದ ಹತ್ತಿರಕ್ಕೆ ತಗ್ಗಿಸಿದ್ದ. ಮಾರುವಾಗ ದೊಡ್ಡ ಅಲಾಯ್ ಚಕ್ರಗಳನ್ನು ಬಿಚ್ಚಿಟ್ಟುಕೊಂಡು, ಕಂಪನಿಯ ಹದಿನೈದು ಇಂಚಿನವನ್ನೇ ತಿರುಗಿ ಹಾಕಿ ಕೊಟ್ಟಿದ್ದ. ಬೈತಖೋಲದ ಮನೆಯೆದುರು ಕಾರು ಬಂದು ನಿಂತ ದಿನವೇ ತಂಗಿ ನೀತಾ, "ದಾದಾ, ಇದು ಮೊಟ್ಟೆ ಇಡುಕೆ ಕೂತ ಕೋಳಿ ಹಂಗೆ ಕಾಣ್ತದೆ" ಎಂದಿದ್ದಳು. ಅದೇ ಕಾರಿನಲ್ಲಿ ಇಬ್ಬರು ಹುಡುಗಿಯರ ಮನೆಗೆ ಹೋಗಿ ಬಂದಾಗಿತ್ತು. ಎರಡೂ ಕಡೆ ಬೇಡ ಅಂದಿದ್ದರು. ನಿತಿನನಿಗೆ ಮೂವತ್ತು ನಡೆಯುತ್ತಿತ್ತು, ಅರ್ಗಾದ ನೌಕಾನೆಲೆಯೊಳಗೆ ಗುತ್ತಿಗೆದಾರನ ಕೈಕೆಳಗೆ ಕೆಲಸ, ಮುಂದಿನ ಎರಡು ಹಲ್ಲು ಉಬ್ಬು. ಇವುಗಳಿಗಿಂತ ಚಕ್ರ ಬದಲಿಸುವುದು ಸುಲಭ.

ಮೂರನೆಯವಳು ಬೇಲೇಕೇರಿಯ ಪ್ರೇಕ್ಷಾ. ಫಾರ್ಮಸಿ ಓದಿ ಅಂಕೋಲೆಯ ಔಷಧ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಯಾರದೋ ಮದುವೆಯಲ್ಲಿ ಅವಳು ಬಡಿಸುತ್ತಿದ್ದಾಗ ನಿತಿನ ಬೇಡದಿದ್ದರೂ ಮೂರು ಸಲ ಸಾರು ಹಾಕಿಸಿಕೊಂಡಿದ್ದ. ಮೊದಲಿನ ಎರಡು ಮನೆಗಳಿಗೆ ಅವನು ಮನೆಯವರು ಹೇಳಿದರೆಂದು ಹೋಗಿದ್ದ. ಈ ಮನೆಗೆ ತಾನಾಗಿ ಹೊರಟಿದ್ದ. ಮುಂದಿನ ಭಾನುವಾರ ಬರುತ್ತೇವೆಂದು ಹೇಳಿಕಳಿಸಿದ ಮೇಲೆ ಅವನು ಅಂಕೋಲೆಯ ಟೈರ್ ಅಂಗಡಿಯ ಸೂರಜ್‌ಗೆ ಫೋನ್ ಮಾಡಿದ.

ಮೂರು ತಿಂಗಳು ವಿಡಿಯೊ ನೋಡಿ ನಿತಿನ ಟೈರಿನ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದ. ಟೈರಿನ ಬದಿಯಲ್ಲಿ ಮೂರು ಸಂಖ್ಯೆ ಇರುತ್ತವೆ. ಮೊದಲನೆಯದು ಟೈರಿನ ಅಗಲ, ಕೊನೆಯದು ರಿಮ್ಮಿನ ಅಳತೆ. ನಡುವಿನದು ರಿಮ್ಮಿನ ಮೇಲೆ ರಬ್ಬರು ಎಷ್ಟು ಎತ್ತರ ನಿಲ್ಲುತ್ತದೆ ಎಂದು ಹೇಳುತ್ತದೆ. ರಿಮ್ಮು ದೊಡ್ಡದಾದರೆ ರಬ್ಬರು ಗಿಡ್ಡವಾಗಬೇಕು. ಇಲ್ಲದಿದ್ದರೆ ಚಕ್ರ ಒಟ್ಟಾರೆ ದೊಡ್ಡದಾಗಿ ಕಾರಿನ ಮೈಗೆ ತಾಗುತ್ತದೆ.

"ಇನ್ನೂರೈದು, ನಲವತ್ತು, ಹದಿನೇಳು" ಎಂದ ನಿತಿನ.

"ನಲವತ್ತು ಎಂತಕ್ಕೆ? ಅದು ಚಪಾತಿ ಹಂಗಿರ್ತದೆ ಮಾರಾಯ. ಒಂದು ಗುಂಡಿಗೆ ಇಳಿದ್ರೆ ರಿಮ್ಮೇ ಬಾಗ್ತದೆ. ನನ್ನ ಹತ್ರ ಐವತ್ತು ಉಂಟು. ನೋಡುಕೂ ತುಂಬಿದಂಗೆ ಇರ್ತದೆ."

"ಐವತ್ತಾದ್ರೆ ಮೇಲೆ ತಾಗುದಿಲ್ವಾ?"

"ಈಗಿನ ಟೈರಿನ ತಲೆಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಜಾಗ ಎಷ್ಟುಂಟು ಅಳೆದು ಹೇಳು. ನಾಲ್ಕು ಬೆರಳಿದ್ರೆ ಅಡ್ಡಿಲ್ಲ. ಎರಡೇ ಇದ್ರೆ ನಾನೂ ಬೇಡ ಹೇಳ್ತೆ."

ಆಗ ನಿತಿನ ನೌಕಾನೆಲೆಯ ಗೇಟಿನಲ್ಲಿ ಫೋನ್ ಒಪ್ಪಿಸಿ ಒಳಗೆ ಹೋಗುವ ಹೊತ್ತು. ಕಾರು ಮನೆಯಲ್ಲಿತ್ತು. ಅಳೆಯುವ ಕೆಲಸವನ್ನು ತಂದೆಗೆ ಫೋನಿನಲ್ಲೇ ಹೇಳಿ, ಸೂರಜ್‌ನ ನಂಬರನ್ನೂ ಕೊಟ್ಟು ಒಳಗೆ ನಡೆದ.

ತಂದೆ ತುಳಸಿದಾಸ ನಲವತ್ತು ವರ್ಷ ದೋಣಿ ನಡೆಸಿದ ತಾಂಡೇಲ. ಮೊಣಕಾಲು ಕೈಕೊಟ್ಟ ಮೇಲೆ ಅಂಗಳದಲ್ಲಿ ಕೂತು ಬೇರೆಯವರ ಬಲೆ ರಿಪೇರಿ ಮಾಡುತ್ತಿದ್ದ. ಬಲೆಯ ಕಣ್ಣನ್ನು ಅಳೆಯುವುದು ಬೆರಳಿನಲ್ಲೇ. ಆದರೆ ಅದಕ್ಕೊಂದು ಕ್ರಮವಿದೆ. ಕಣ್ಣನ್ನು ಎರಡೂ ತುದಿಯಲ್ಲಿ ಬಿಗಿಯಾಗಿ ಎಳೆದು, ಆಮೇಲೆ ಒಳಗೆ ಬೆರಳು ತೂರಿಸಬೇಕು. ಸಡಿಲ ಬಿದ್ದ ಕಣ್ಣನ್ನು ಅಳೆಯುವವನನ್ನು ಬೈತಖೋಲದಲ್ಲಿ ಯಾರೂ ದೋಣಿಗೆ ಹತ್ತಿಸುವುದಿಲ್ಲ.

ತುಳಸಿದಾಸ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದ. ಮಡ್‌ಗಾರ್ಡ್ ಚಕ್ರದ ಮೇಲೆ ಸಡಿಲವಾಗಿ ಕೂತಿತ್ತು. ಬೆರಳು ತೂರಿಸಿದರೆ ಎರಡು ಹೋದವು. ಇದು ಅಳತೆಯಲ್ಲ ಎಂದು ಅವನಿಗೆ ತಕ್ಷಣ ತಿಳಿಯಿತು. ಜಾಕ್ ತಂದು ಕಾರನ್ನು ಎತ್ತಿದ. ಸ್ಪ್ರಿಂಗ್ ಹಿಗ್ಗಿ ಚಕ್ರ ಕೆಳಗೆ ಜೋತುಬಿತ್ತು. ಅದೂ ಸಾಲದೆ ಒಂದು ಕಾಲನ್ನು ಟೈರಿನ ಮೇಲಿಟ್ಟು ಒತ್ತಿದ. ಈಗ ಎಲ್ಲ ಬಿಗಿಯಾಗಿತ್ತು. ಐದು ಬೆರಳು ಸಲೀಸಾಗಿ ಹೋದವು.

"ಐದು" ಎಂದು ಸೂರಜ್‌ಗೆ ಫೋನಿನಲ್ಲಿ ಹೇಳಿದ.

"ಸರೀ ಅಳೆದ್ರಾ ಕಾಕಾ?"

"ನೀ ಹುಟ್ಟುಕಿಂತ ಮೊದಲಿಂದ ಅಳೀತಾ ಇದ್ದೆ."

ಸಂಜೆ ನಿತಿನ ಕೇಳಿದಾಗಲೂ ಅದೇ ಉತ್ತರ. ಐದು ಬೆರಳು ಎಂದರೆ ಐವತ್ತಕ್ಕೆ ಬೇಕಾದುದಕ್ಕಿಂತ ಒಂದು ಬೆರಳು ಹೆಚ್ಚೇ ಜಾಗ. ನಿತಿನನಿಗೆ ಸಂತೋಷವಾಯಿತು. ತಾನೇ ಬಗ್ಗಿ ನೋಡುವ ಮನಸ್ಸಾಗಲಿಲ್ಲ. ಶನಿವಾರ ಸಂಜೆ ಅಂಕೋಲೆಯಲ್ಲಿ ಕಪ್ಪು ಅಲಾಯ್ ಹಾಕಿಸಿ ಒಬ್ಬನೇ ಕಾರವಾರಕ್ಕೆ ಬಂದ. ಬರುವಾಗ ಒಂದೆರಡು ಕಡೆ ಹಿಂದಿನಿಂದ ಬೆಕ್ಕು ಸೀನಿದಂಥ ಸದ್ದು ಬಂತು. ರಸ್ತೆಯದ್ದೆಂದು ಬಿಟ್ಟ. ಮನೆಯೆದುರು ನಿಲ್ಲಿಸಿದಾಗ ನೀತಾ ಹೊರಗೆ ಬಂದು ನೋಡಿ, "ಈಗ ಹುಂಜ" ಎಂದಳು.

ಭಾನುವಾರ ಬೆಳಿಗ್ಗೆ ತುಳಸಿದಾಸ ಎಲ್ಲರಿಗಿಂತ ಮೊದಲು ಎದ್ದ. ಬೇಲೇಕೇರಿಯ ಒಬ್ಬರ ಬಲೆ ರಿಪೇರಿಯಾಗಿ ವಾರದಿಂದ ಬಿದ್ದಿತ್ತು. ಹೇಗೂ ಆ ಊರಿಗೆ ಹೋಗುವುದು, ಟೆಂಪೊ ಯಾಕೆ ಎಂದುಕೊಂಡು ಪಕ್ಕದ ಮನೆಯವನ ಕೈಯಲ್ಲಿ ಒಂದು ತುದಿ ಹಿಡಿಸಿ ಎರಡು ಗೋಣಿಚೀಲಗಳನ್ನು ಡಿಕ್ಕಿಗೆ ಹಾಕಿದ. ಬಲೆಯ ಬುಡಕ್ಕೆ ಕಟ್ಟಿದ ಸೀಸದ ಗುಂಡುಗಳೂ ಸೇರಿ ಎಂಬತ್ತು ಕಿಲೋ ಇತ್ತು. ಹೆಂಡತಿ ವೈಜಯಂತಿ ಬಾಳೆಗೊನೆ ಹಿಡಿದು ಡಿಕ್ಕಿ ತೆಗೆಯಿರಿ ಎಂದಾಗ, "ಶುಭಕಾರ್ಯದ ಸಾಮಾನು ಡಿಕ್ಕಿಲಿ ಹಾಕುದಲ್ಲ. ತೊಡೆ ಮೇಲೆ ಇರ್ಬೇಕು" ಎಂದ.

"ಇದು ಯಾವಾಗಿನ ಪದ್ಧತಿ?"

"ನಮ್ಮ ಮನೆದು."

ವೈಜಯಂತಿ ಕಾರವಾರದ ಪೇಟೆಯಲ್ಲಿ ಮೀನು ಮಾರುವವಳು. ಸುಳ್ಳು ತೂಕ ದೂರದಿಂದಲೇ ಗೊತ್ತಾಗುತ್ತಿತ್ತು. ಆದರೆ ಆವತ್ತು ಹೊಸ ಸೀರೆಯಲ್ಲಿ ಜಗಳ ಬೇಡವೆಂದು ಸುಮ್ಮನಾದಳು. ಹಿಂದಿನ ಸೀಟಿನಲ್ಲಿ ಅವಳು, ನೀತಾ ಮತ್ತು ತುಳಸಿದಾಸನ ತಮ್ಮ ಬೀರು ಕೂತರು. ಬೀರು ಕಾಕಾ ಒಬ್ಬನೇ ನೂರಾ ಹತ್ತು ಕಿಲೋ. ಮುಂದೆ ತುಳಸಿದಾಸ. ಕಾರು ಹೊರಟಾಗ ನೋಡಿದ ಪಕ್ಕದ ಮನೆಯವನಿಗೆ ಹಿಂದಿನ ಚಕ್ರಗಳು ಅರ್ಧ ಮಾತ್ರ ಕಂಡವು.

ಬಿಣಗಾದ ಸುರಂಗ ದಾಟುವಷ್ಟರಲ್ಲಿ ರಬ್ಬರು ಸುಟ್ಟ ವಾಸನೆ ಬಂತು. ಅರ್ಗಾದಲ್ಲಿ ರಸ್ತೆಗೆ ಅಡ್ಡ ಹಾಕಿದ ದಪ್ಪ ಪಟ್ಟೆಗಳ ಮೇಲೆ ಹೋದಾಗ ಹಿಂದಿನಿಂದ ಗರಗಸದ ಸದ್ದು. ನಿತಿನ ಬದಿಗೆ ನಿಲ್ಲಿಸಿ, ಇಳಿದು ನೋಡಿದ. ಹೊಸ ಟೈರಿನ ಹೊರ ಅಂಚು ಕೆರೆದ ತೆಂಗಿನಕಾಯಿಯಂತೆ ಆಗಿತ್ತು.

"ಕಾಕಾ, ನೀವು ಒಂದು ಕೆಲಸ ಮಾಡ್ತಿರಾ?"

"ಎಂತ, ದೂಡ್ಬೇಕಾ?"

"ಬಸ್ಸಿಗೆ ಬನ್ನಿ."

ಬೀರು ಕಾಕಾ ಬೇಸರಿಸಲಿಲ್ಲ. ಬಾಳೆಗೊನೆಯನ್ನು ತಾನೇ ತೆಗೆದುಕೊಂಡು, ಅದರಿಂದ ಎರಡು ಹಣ್ಣು ಕಿತ್ತು, ರಸ್ತೆ ಬದಿಯಲ್ಲಿ ನಿಂತ.

ಅಮದಳ್ಳಿಯವರೆಗೆ ತೊಂದರೆಯಾಗಲಿಲ್ಲ. ಅಲ್ಲಿ ಒಂದು ಗುಂಡಿಗೆ ಇಳಿದು ಎದ್ದಾಗ ಮತ್ತೆ ಅದೇ ಸದ್ದು. ನಿತಿನ ಕನ್ನಡಿಯಲ್ಲಿ ತಂಗಿಯನ್ನು ನೋಡಿದ.

"ಗೊತ್ತಾಯ್ತು" ಎಂದು ನೀತಾ ಬಾಗಿಲು ತೆಗೆದಳು. "ಅವಳು ಒಪ್ಪಿದ್ರೆ ಅವಳನ್ನೂ ಹಿಂಗೇ ಕರ್ಕಂಡು ಬಾ. ಒಂದೊಂದು ಊರಿಗೆ ಒಂದೊಂದು ಕೈಕಾಲು."

"ನಿಲ್ಲು ಗೋ" ಎಂದಳು ವೈಜಯಂತಿ. "ಇವಳು ಇಳಿದ್ರೆ ನಾವು ಮೂರು ಜನ ಆಗ್ತೇವೆ. ಹೆಣ್ಣು ಕೇಳುಕೆ ಮೂರು ಜನ ಹೋಗುದಲ್ಲ." ಅದು ನಿಜವಾಗಿಯೂ ಪದ್ಧತಿ. ಹಾಗಾಗಿ ಅವಳೂ ಇಳಿದಳು. ತೆಂಗಿನಕಾಯಿಯ ಚೀಲವನ್ನು ಬಗಲಿಗೆ ಹಾಕಿಕೊಂಡು, ಹೊಸ ಸೀರೆಯಲ್ಲಿ, ಹೆದ್ದಾರಿಯ ಬದಿಗೆ.

ಆವರ್ಸಾದ ಹತ್ತಿರ ಮೂರನೆಯ ಸಲ ಸದ್ದು ಬಂದಾಗ ನಿತಿನನಿಗೆ ಅರ್ಥವಾಗಲಿಲ್ಲ. ಹಿಂದಿನ ಸೀಟಿನಲ್ಲಿ ಒಂದು ಕಾಯಿಯೂ ಇರಲಿಲ್ಲ.

"ಐದು ಬೆರಳು ಇತ್ತಲ್ಲ ಬಾಬಾ?"

"ಇತ್ತು."

"ಹಂಗಾರೆ ಇದು ಎಂತದು?"

ಡಿಕ್ಕಿಯಲ್ಲಿ ಬಲೆ ಇದೆ ಎಂದು ಹೇಳಲು ತುಳಸಿದಾಸನಿಗೆ ಅದು ಒಳ್ಳೆಯ ಸಮಯವಾಗಿತ್ತು. ಆದರೆ ಹೇಳಿದರೆ ವಿಷಯ ವೈಜಯಂತಿಗೆ ಮುಟ್ಟುತ್ತದೆ. ಅದಕ್ಕಿಂತ ಬಸ್ಸು ಲೇಸು. "ನಂದೇ ಭಾರ ಇರ್ಬೇಕು. ನಾನೂ ಇಳೀತೆ" ಎಂದ. ಹಿಂದಿನಿಂದ ಬರುತ್ತಿದ್ದ ಅಂಕೋಲೆಯ ಬಸ್ಸಿಗೆ ಕೈಮಾಡಿದ. ಬಸ್ಸು ನಿಂತಿತು. ಅದರ ಕಿಟಕಿಗಳಲ್ಲಿ ಬೀರು, ನೀತಾ, ವೈಜಯಂತಿ ಸಾಲಾಗಿ ಕೂತಿದ್ದರು. ತುಳಸಿದಾಸನಿಗಾಗಿ ಬೀರು ಟವೆಲ್ ಹಾಸಿ ಸೀಟು ಹಿಡಿದಿದ್ದ.

ಬಸ್ಸು ಮುಂದೆ ಹೋಯಿತು. ನಿತಿನ ಒಬ್ಬನೇ ಅದರ ಹಿಂದೆ ಹೋದ. ಬೇಲೇಕೇರಿಯ ಕ್ರಾಸಿನಲ್ಲಿ ಹೆದ್ದಾರಿಯಿಂದ ಇಳಿಯುವಾಗ ಎಡಗಡೆಯ ಹಿಂದಿನ ಟೈರು ಸಿಡಿಯಿತು. ಸ್ಟೆಪ್ನಿ ತೆಗೆಯಲು ಡಿಕ್ಕಿ ತೆರೆದವನಿಗೆ, ಚೀಲದ ಬಾಯಿಯಿಂದ ಇಣುಕುತ್ತಿದ್ದ ನೀಲಿ ಬಲೆ ಕಂಡಿತು. ಬಿಸಿಲು ಬಹಳ ಇತ್ತು. ಚೀಲಗಳನ್ನು ಇಳಿಸಿ, ಸ್ಟೆಪ್ನಿ ಹಾಕಿ, ಚೀಲಗಳನ್ನು ಮತ್ತೆ ಏರಿಸಿದ. ಸ್ಟೆಪ್ನಿ ಹಳೆಯ ಹದಿನೈದು ಇಂಚಿನದು. ಕಾರು ಒಂದು ಕಡೆ ವಾಲಿಕೊಂಡು ಹುಡುಗಿಯ ಮನೆ ಮುಟ್ಟಿತು.

ಅಷ್ಟರಲ್ಲಿ ಅಲ್ಲಿ ಒಂದು ಸುತ್ತು ಚಹಾ ಆಗಿತ್ತು. ಪ್ರೇಕ್ಷಾಳ ತಂದೆಗೂ ದೋಣಿಯಿತ್ತು. ಮೂವತ್ತು ವರ್ಷದ ಹಿಂದಿನ ಒಂದು ಬಿರುಗಾಳಿಯನ್ನು ತುಳಸಿದಾಸನೂ ಅವರೂ ಇಬ್ಬರೂ ಕಂಡದ್ದು ಹತ್ತು ನಿಮಿಷದಲ್ಲಿ ಪತ್ತೆಯಾಗಿತ್ತು. ಎಲ್ಲರೂ ಎದ್ದು ಕಾರು ನೋಡಲು ಬಂದರು.

"ಅಳತೆ ತಪ್ಪಿದ್ದಾ ತಾಂಡೇಲರೇ?" ಎಂದು ಪ್ರೇಕ್ಷಾಳ ತಂದೆ ಕೇಳಿದರು.

"ನಾನೇ ಅಳೆದದ್ದು. ಐದು ಬೆರಳು."

"ಎಳೆದು ಅಳೆದದ್ದಾ?"

"ಎಳೀದೆ ಅಳೆಯುದು ಹೆಂಗೆ?"

"ಅದೂ ಹೌದೇ."

ಇಬ್ಬರೂ ಸೇರಿ ಬಲಗಡೆಯ ಹಿಂಬದಿಯನ್ನು ಜಾಕಿನಲ್ಲಿ ಎತ್ತಿಸಿದರು. ಬೀರು ಜಾಕಿನ ಹಿಡಿ ತಿರುಗಿಸಿದ. ಚಕ್ರ ಜೋತುಬಿದ್ದ ಮೇಲೆ ತುಳಸಿದಾಸ ಬೆರಳು ತೂರಿಸಿದ. ಹೊಸ ಟೈರಿಗೂ ನಾಲ್ಕು ಹೋದವು. ಪ್ರೇಕ್ಷಾಳ ತಂದೆಯೂ ತಮ್ಮ ಬೆರಳು ಹಾಕಿ ನೋಡಿ, "ಬೇಕಾದಷ್ಟು ಉಂಟಲ್ಲ. ಟೈರೇ ಕಳಪೆ" ಎಂದು ತೀರ್ಪು ಕೊಟ್ಟರು. ತುಳಸಿದಾಸ ಮಗನ ಕಡೆ ತಿರುಗಿ, ಕೇಳಿಸಿತೇ ಎಂಬಂತೆ ನೋಡಿದ. ಬೆರಳು ಇನ್ನೂ ಒಳಗೇ ಇತ್ತು.

ಬಾಗಿಲಲ್ಲಿ ನಿಂತಿದ್ದ ಪ್ರೇಕ್ಷಾ ಹೇಳಿದಳು, "ಕಾರು ಹೋಗುದು ನೆಲದ ಮೇಲೆ ಅಲ್ವಾ. ಕೆಳಗೆ ಇಳ್ಸಿ ಅಳೀರಿ."

ಬೀರು ಕಾಕಾ ಯಾರು ಏನು ಹೇಳಿದರೂ ತಕ್ಷಣ ಮಾಡುವ ಮನುಷ್ಯ. ಹಿಡಿಯನ್ನು ಗರಗರ ತಿರುಗಿಸಿದ. ತುಳಸಿದಾಸನ ಮೂರು ಬೆರಳು ಹೊರಬಂದವು. ನಡುಬೆರಳಿಗೆ ತಡವಾಯಿತು.

ಮತ್ತೆ ಎತ್ತಿ ಬಿಡಿಸಿದರು. ಪ್ರೇಕ್ಷಾ ಹತ್ತಿ, ಔಷಧ ತಂದು ಕಟ್ಟಿದಳು. ಭಾರ ಕಡಿಮೆ ಮಾಡೋಣವೆಂದು ಯಾರೋ ಡಿಕ್ಕಿ ತೆರೆದರು. ವೈಜಯಂತಿ ಗೋಣಿಚೀಲ ನೋಡಿದಳು, ಗಂಡನನ್ನು ನೋಡಿದಳು.

"ನಾನು ಅಮದಳ್ಳಿಲಿ ಬಿಸಿಲಿಗೆ ನಿಂತದ್ದು ಈ ಬಲೆಗಾಗಿಯಾ?" ಅವಳ ದನಿ ಏರಲಿಲ್ಲ. "ಹೆಣ್ಣು ನೋಡುಕೆ ಬಲೆ ಹಿಡ್ಕಂಡು ಬಂದವ್ರು ನೀವೇ ಮೊದಲು."

ತುಳಸಿದಾಸ ನೋವಿರುವ ಬೆರಳನ್ನು ಇನ್ನಷ್ಟು ಮೇಲೆತ್ತಿ ಹಿಡಿದ.

ಹಿರಿಯರು ಒಳಗೆ ಹೋದ ಮೇಲೆ ಹುಡುಗ ಹುಡುಗಿ ಮಾತಾಡಲಿ ಎಂದು ಅಂಗಳದಲ್ಲಿ ಬಿಟ್ಟರು. ಕಾರಿನಲ್ಲಿ ಸಮುದ್ರದ ತನಕ ಹೋಗಿ ಬರುವುದೆಂದು ಮೊದಲು ಮಾತಾಗಿತ್ತು. ಆ ಮಾತನ್ನು ಯಾರೂ ಎತ್ತಲಿಲ್ಲ.

"ಮೊದಲು ಕಾಕನ್ನ ಇಳ್ಸಿದ್ರಿ" ಎಂದಳು ಪ್ರೇಕ್ಷಾ. "ಮತ್ತೆ ತಂಗಿ, ಆಯಿ. ಕಡೆಗೆ ಬಾಬಾ. ಡಿಕ್ಕಿ ಒಂದು ಸಲ ತೆಗೆದು ನೋಡ್ಲಿಲ್ಲ."

"ಬಲೆ ಇದ್ದದ್ದು ನಂಗೆ ಗೊತ್ತಿರ್ಲಿಲ್ಲ."

"ಎಲ್ಲರೂ ಇಳಿದು, ಕಾರು ಅಲ್ಲೇ ಬಿಟ್ಟು ಬಸ್ಸಿಗೆ ಬರ್ಬಹುದಿತ್ತು."

"ಈ ಚಕ್ರ ನಿಮಗೆ ತೋರಿಸ್ಬೇಕು ಅಂತಲೇ ಹಾಕ್ಸಿದ್ದು" ಎಂದ ನಿತಿನ. ಅದು ಅವನು ಹೇಳಿದ ಅತ್ಯಂತ ಪ್ರಾಮಾಣಿಕ ಮಾತು. ಅವಳೂ ಚಕ್ರವನ್ನು ಒಮ್ಮೆ ನ್ಯಾಯವಾಗಿ ನೋಡಿದಳು.

"ಚಂದ ಉಂಟು. ನಾನು ಆ ಕಾರಲ್ಲಿ ಇದ್ದಿದ್ರೆ ನನ್ನನ್ನ ಯಾವ ಊರಲ್ಲಿ ಇಳಿಸ್ತಿದ್ರಿ?"

ಇಲ್ಲಿ ನಿತಿನ ಬೇರೆ ಏನು ಹೇಳಿದರೂ ನಡೆಯುತ್ತಿತ್ತು. ಆದರೆ ಬೆಳಗಿನಿಂದ ಅವನ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಅವನು ಯೋಚಿಸಿ ಕೇಳಿದ:

"ನಿಮ್ಮ ತೂಕ ಎಷ್ಟು?"

ಮಂಗಳವಾರ ಬೇಲೇಕೇರಿಯಿಂದ ಫೋನ್ ಬಂತು. ಹುಡುಗಿ ಬೇಡ ಅಂದಿದ್ದಳು. ಅವಳ ತಂದೆ ಮಾತ್ರ ತಾಂಡೇಲರನ್ನು ಫೋನಿಗೆ ಕರೆಸಿ, ತಮ್ಮ ಎರಡು ಬಲೆಗಳನ್ನು ರಿಪೇರಿಗೆ ಕಳಿಸುತ್ತೇನೆಂದರು, ಟೆಂಪೊದಲ್ಲಿ. ನಿತಿನ ಹಳೆಯ ಚಕ್ರಗಳನ್ನೇ ಹಾಕಿಸಿಕೊಂಡ.

ಹೋದದ್ದು ಹಿಂದಿನ ಎರಡು ಟೈರು, ಎಡ ಮಡ್‌ಗಾರ್ಡಿನ ಒಂದು ಗೇಣು ಬಣ್ಣ, ತುಳಸಿದಾಸನ ಬಲಗೈ ನಡುಬೆರಳಿನ ಉಗುರು, ಮತ್ತು ಪ್ರೇಕ್ಷಾ.